ತಿಕ್ಕಿದ ಗೆರೆ

ನಾಲ್ಕು ತೂತು, ನಾಲ್ಕು ಪ್ಲಗ್ಗು,
ನಡುವೆ ಮೂರಡಿ ಚೌಕದ ತಗಡು.
ಬಳ್ಳಾರಿ ಗಾಂಧಿನಗರ, ಎರಡನೇ ಮಹಡಿ,
ಫ್ಯಾನೂ ಬಿಸಿಯುಸಿರು ಬಿಡುವ ಏಪ್ರಿಲ್ಲಿನ ನಾಲ್ಕೂವರೆ.
ಏಣಿ ಹತ್ತಿ ಕೇಳಿದೆ:
'ಸಾರ್, ಇದಕ್ಕ ಮೇಲ್ ಯಾವ್ಕಡೆ?'

ಎರ್ರಿಸ್ವಾಮಿಯವರು ಕನ್ನಡಕ ಏರಿಸಿದರು.
ಕಂದು, ಕಂದಿನೊಳಗೆ ಕೆಂಪು,
ಕೆಂಪಿಗೆ ಅಡ್ಡಬಿದ್ದ ಕಪ್ಪು ಬರೆ,
ಮೂಲೆಯಲ್ಲಿ ಸಾರು ಚೆಲ್ಲಿ ಒರೆಸಿದ ಹಾಗೆ ಹಳದಿ.
ಬರೆದದ್ದು ಬಟ್ಟೆಯ ಮೇಲಂತೆ, ಯಾವುದೋ ದೇಶದಲ್ಲಿ;
ಇದು ಅದರ ಅಚ್ಚು, ಲೋಹಕ್ಕೆ ಇಳಿಸಿದ್ದು.
ಬೆನ್ನಿಗೆ ಚೀಟಿ: ಹೆಸರಿಲ್ಲ, ನಂಬರ್ ಏಳು.
ಬಾಣದ ಗುರುತಿದ್ದದ್ದು ರಟ್ಟಿನ ಮೇಲೆ,
ರಟ್ಟು ಆಗಲೇ ರದ್ದಿಯವನ ಗಾಡಿಯಲ್ಲಿ
ಕೌಲ್ ಬಜಾರಿನ ದಾರಿ ಹಿಡಿದಿತ್ತು.

ಮಗಳು ತಿರುಗಿಸು ಅಂದಳು, ತಿರುಗಿಸಿದೆ,
ಸ್ಟೇರಿಂಗು ಹಿಡಿದ ಲಾರಿ ಡ್ರೈವರಿನಂತೆ
ಎಡಕ್ಕೆ, ಬಲಕ್ಕೆ, ತಲೆಕೆಳಗು.
'ಸೂರ್ಯಾಸ್ತ' ಅಂದಳು.
'ಸಂಡೂರಿನ ಗಣಿ ಗುಂಡಿ' ಅಂದರು ಅವರು,
ಇಪ್ಪತ್ತು ವರ್ಷ ವೇಬ್ರಿಜ್ಜಿನಲ್ಲಿ ಕೂತವರು,
ಕೆಂಪು ಎಲ್ಲಿ ಕಂಡರೂ ಟನ್ನಿನ ಲೆಕ್ಕ.
ನನಗೆ ಭುಜ ನೋಯುತ್ತಿತ್ತು, ಅಷ್ಟೇ.

ಮುಸುರೆ ಕೈ ಸೆರಗಿಗೆ ಒರೆಸುತ್ತ
ಹುಲಿಗೆಮ್ಮ ಬಂದಳು.
ಬಣ್ಣ ನೋಡಲಿಲ್ಲ. ಬಣ್ಣ ತೆಳುವಾಗಿ
ಲೋಹ ಬರಿಮೈಯಲ್ಲಿ ಎಳೆಎಳೆ ಹೊಳೆಯುವ ಕಡೆ
ಮುಖ ಹತ್ತಿರ ಒಯ್ದಳು.
'ಜರ್ಮನ್ ಅಲ್ಲೇನಿದು? ನಮ್ಮ ಅನ್ನದ ಗುಂಡಿದು?'
ಹೌದವ್ವ.
'ಇಷ್ಟು ಒಂದ ಸಮ ತಿಕ್ಯಾರಲ್ಲ, ಯಾರು?'

ಮಷೀನು ಅಂದೆ.
'ಅದಕ್ಕ ರಟ್ಟಿ ನೋಯಂಗಿಲ್ಲ,
ಗೆರಿ ಎಲ್ಲೂ ನಡುಗಿಲ್ಲ ನೋಡು.'
ಆಮೇಲೆ ತನಗೇ ಹೇಳಿಕೊಂಡಂತೆ:
'ಬೂದಿಲೆ ತಿಕ್ಕಿದ್ರ ಗೆರಿ ದುಂಡಗ ಬರ್ತಾವ,
ಇಟ್ಟಿಗಿ ಪುಡಿಲೆ ತಿಕ್ಕಿದ್ರ
ಗಂಗಾಳದಾಗ ನಮ್ಮ ಮಾರಿ ನಮಗ ಕಾಣಂಗಿಲ್ಲ.
ಅಡ್ಡ ಇಡ್ರಿ ಗೆರಿ. ಉದ್ದ ಇಟ್ರ
ನೀರು ಸುರಿದಂಗ ಕಾಣ್ತೈತಿ,
ಹತ್ತು ದಿನಕ್ಕೊಮ್ಮೆ ನಳ ಬರೋ ಮನಿಯಾಗ
ಯಾಕ ಬೇಕದು?'

ಎರ್ರಿಸ್ವಾಮಿಯವರು ನಕ್ಕರು, ಮಗಳು ನಗಲಿಲ್ಲ.
ಅಡ್ಡವೇ ಇಟ್ಟೆವು.
ಅಷ್ಟರಲ್ಲಿ ಪಡುವಣ ಕಿಟಕಿಯ ಬಿಸಿಲು ತಗಡಿಗೆ ಬಿದ್ದು
ಕಂದು ಕೆಂಪೆಲ್ಲ ಹಿಂದೆ ಸರಿದು
ಗೆರೆಗಳೇ ಮುಂದೆ ಬಂದವು, ಸಾವಿರ,
ಒಂದೇ ದಿಕ್ಕಿಗೆ ಹೋದ ಯಾವುದೋ ಕೈ.

ಗೋಡೆಯ ಪುಡಿಯನ್ನು ಹುಲಿಗೆಮ್ಮನೇ ಗುಡಿಸಿದಳು.
ಇನ್ನೂರೈವತ್ತು ನನ್ನ ಜೇಬಿಗೆ.
ಮೆಟ್ಟಿಲಿಳಿದ ಮೇಲೆ ನೆನಪಾಯಿತು:
ಕೆಳಗಿನ ಎಡಗಡೆ ಸ್ಕ್ರೂ ಬಿಗಿ ಮಾಡಿಲ್ಲ.
ನಾಳೆ ಹೋಗಬೇಕು. ಇಲ್ಲದಿದ್ದರೆ
ಅದಿರಿನ ಲಾರಿ ಹೋದಾಗಲೆಲ್ಲ
ಆ ಸೂರ್ಯಾಸ್ತ, ಆ ಗುಂಡಿ, ಆ ಗಂಗಾಳ
ಕಟಕಟ ಅನ್ನುತ್ತಿರುತ್ತದೆ.