ಒಂದು ಸಾಲು ಹಿಂದಕ್ಕೆ

ಮೂವತ್ತೊಂದು ವರ್ಷ ಹಾಪ್ಸಲು ನಿಲ್ದಾಣದಲ್ಲಿ
ಹಸಿರು ಬಾವುಟ ಹಿಡಿದು ನಿಂತವನು ನಾನು.
ಕಾಯುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ
ಎಂದುಕೊಂಡಿದ್ದೆ.
ರೈಲು ತಡವಾದರೆ ಗಡಿಯಾರ ನೋಡುತ್ತಿದ್ದೆ,
ಗಡಿಯಾರ ಬೇಸರವಾದರೆ ಹಳಿ.
ಆಮೇಲೆ ಒಂದು ದಿನ ರೈಲೇ ಬರುವುದು ಬಿಟ್ಟಿತು.
ಆ ಉದ್ದಾನುದ್ದ ಚಾವಣಿಯ ಕೆಳಗೆ ಈಗ
ಪಾರಿವಾಳಗಳು ಮಾತ್ರ ವೇಳೆಗೆ ಸರಿಯಾಗಿ ಇಳಿಯುತ್ತವೆ.

"ಅದು ತಾಳ್ಮೆಯಲ್ಲ ಊಲೊ, ಸಂಬಳ"
ಅನ್ನುತ್ತಾಳೆ ಸಲ್ಮೆ.
ಅವಳ ಮೊಣಕಾಲ ಮೇಲೆ ಕೌದಿ,
ನನ್ನ ಹಳೆಯ ಸಮವಸ್ತ್ರಗಳದ್ದೇ ತೇಪೆ;
ಒಂದು ಚೌಕದಲ್ಲಿ ಗುಂಡಿಯ ಕಾಜ ಇನ್ನೂ ಬಾಯಿ ತೆರೆದಿದೆ,
ಅವಳ ಕಿರುಬೆರಳು ಅದರೊಳಗೆ ಹೋಗಿ ಬರುತ್ತದೆ.
ಉಳಿದ ಬೆರಳು ಯಾವುದಕ್ಕೂ ಮಣಿಯವು.
ಗಿಣ್ಣು ಗಿಣ್ಣೂ ಶುಂಠಿ.

ವಿರ್ವೆಯ ಮದುವೆಗೆಂದು ಎತ್ತಿದ ಬಿಳಿ ಶಾಲು
ಕಣಿವೆ ಲಿಲ್ಲಿಯ ಮೂರನೇ ಗೊಂಚಲಲ್ಲಿ ನಿಂತಿತ್ತು.
ಕಡಲು ಹೆಪ್ಪುಗಟ್ಟಿದ ವಾರ
ಕಡ್ಡಿ ನನ್ನ ಕೈಗೆ ಬಂತು.

ಒಂದು ಕುಣಿಕೆಯಿಂದ ಏಳು ಎಬ್ಬಿಸು,
ಬರುವ ಸಾಲಿನಲ್ಲಿ ಏಳನ್ನೂ ಕೂಡಿಸಿ ಒಂದು ಮಾಡು:
ಅದು ಮೊಗ್ಗು.
"ಸಡಿಲ ಬಿಡು. ಸಡಿಲ ಅಂದರೆ ಸಡಿಲ!
ಬಾವುಟದ ಕೋಲಲ್ಲ ಅದು."
ಬಿಗಿ ಹಿಡಿದೆ. ಏಳರಲ್ಲಿ ಐದು ಬಂದವು,
ಎರಡು ಜಾರಿ ಎಲ್ಲಿಗೆ ಹೋದವೋ.
ಮೂರೂವರೆಗೆ ಬೆಳಕು ಹೋಯಿತು.
ನಾನು ಬೈದದ್ದು ಯಾರನ್ನೆಂದು ನನಗೂ ತಿಳಿಯಲಿಲ್ಲ.

ಹನ್ನೆರಡು ಸಾಲು ಕೆಳಗೆ ಒಂದು ತಪ್ಪು.
ನನಗೆ ಗೊತ್ತಿತ್ತು. ಮೇಲೆ ಹೆಣೆಯುತ್ತಾ ಹೋದೆ,
ಹೂವಿನ ಗದ್ದಲದಲ್ಲಿ ಯಾರಿಗೆ ಕಂಡೀತು?
ಸಲ್ಮೆ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದಳು.
"ಇಲ್ಲಿ ಯಾರೋ ಸುಳ್ಳು ಹೇಳಿದ್ದಾರೆ."

ಬಿಚ್ಚಿದೆವು.
ಎಳೆಯುವುದು ನಾನು, ಉಂಡೆ ಸುತ್ತುವುದು ಅವಳು.
ಎಂಟು ಸಂಜೆಯ ಕೆಲಸ
ಚಹಾ ಆರುವಷ್ಟರಲ್ಲಿ ನೂಲಾಯಿತು.
ಆ ನೂಲು ನೆಟ್ಟಗಿರಲಿಲ್ಲ.
ಕುಣಿಕೆಯಾಗಿದ್ದದ್ದು ಅದಕ್ಕೆ ಮರೆತಿರಲಿಲ್ಲ,
ಶಾವಿಗೆಯಂತೆ ಡೊಂಕು ಡೊಂಕು.
ಬೆಚ್ಚನೆಯ ನೀರಲ್ಲಿ ಅದ್ದಿ, ಒಲೆಯ ಬಳಿ ಲಡಿ ತೂಗುಹಾಕಿ,
ಭಾರಕ್ಕೆಂದು ಕೆಳಗೆ ನನ್ನ ಸೀಟಿ ಕಟ್ಟಿದೆ.
ಹಿತ್ತಾಳೆಯ ಸೀಟಿ
ರಾತ್ರಿಯಿಡೀ ಉಸಿರೆತ್ತದೆ ನೇತಾಡಿತು.

ಮಾರ್ಚಿನಲ್ಲಿ ಅವಳ ಉಂಗುರದ ಬೆರಳು ನೀಲಿಯಾಯಿತು.
ಕತ್ತರಿಸಬೇಕು, ಅಂದಳು ಆಸ್ಪತ್ರೆಯ ಹುಡುಗಿ,
ಉಂಗುರವನ್ನು, ಬೆರಳನ್ನಲ್ಲ, ಎಂದು ನಕ್ಕಳು.
ಸಲ್ಮೆ ನಗಲಿಲ್ಲ.
ನಮ್ಮೂರಲ್ಲಿ ಶಾಲು ಉಂಗುರದಲ್ಲಿ ತೂರಿ ಬಂದರೇನೇ ಶಾಲು.
"ಸೀಳಿದ ಉಂಗುರದಲ್ಲಿ ಏನು ತೂರಿಸುತ್ತೀ?"

ಮನೆಗೆ ಬಂದೆವು. ಸಾಬೂನು ಸೋತಿತು. ಎಣ್ಣೆ ಸೋತಿತು.
ಉಳಿದದ್ದು ಆ ನೂಲಿನ ಒಂದು ಮೊಳ.
ತುದಿಯೊಂದನ್ನು ಉಂಗುರದ ಅಡಿ ತೂರಿಸಿದೆ,
ಮಿಕ್ಕದ್ದನ್ನು ಗಿಣ್ಣಿನ ಮೇಲೆ
ಸುತ್ತಿಗೆ ಸುತ್ತು ತಾಗುವಂತೆ ಸುತ್ತಿದೆ.
ಆಮೇಲೆ ಅಡಿಯ ತುದಿ ಹಿಡಿದು
ಒಂದೊಂದೇ ಸುತ್ತು ಬಿಚ್ಚತೊಡಗಿದೆ.
ಬಿಚ್ಚಿದಷ್ಟು ಉಂಗುರ ಸರಿಯಿತು,
ಅಕ್ಕಿಕಾಳಿನಷ್ಟು,
ಮತ್ತೆ ಅಕ್ಕಿಕಾಳಿನಷ್ಟು.
ಅವಳು ತುಟಿ ಕಚ್ಚಿದಾಗ ನಿಲ್ಲುತ್ತಿದ್ದೆ.
ಗಡಿಯಾರ ನೋಡಲಿಲ್ಲ.
ಎಷ್ಟು ಹೊತ್ತಾಯಿತೆಂದು ಈಗಲೂ ಹೇಳಲಾರೆ.

ಉಂಗುರ ಕೌದಿಯ ಮೇಲೆ ಬಿತ್ತು, ಸದ್ದಿಲ್ಲ.
ಬೆರಳ ಬುಡದಲ್ಲಿ ಐವತ್ತು ವರ್ಷ ಬಿಸಿಲು ಕಾಣದ
ಬಿಳಿ ಪಟ್ಟಿ.
ಅದನ್ನು ಅವಳು ತುರಿಸಿಕೊಂಡಳು, ತುಂಬಾ ಹೊತ್ತು, ಸುಖವಾಗಿ.

"ಯಾವ ಸಾಲಿನಲ್ಲಿದ್ದೆ?"
ಲೆಕ್ಕ ತಪ್ಪಿದೆ, ಅಂದೆ.
"ಹಾಗಾದರೆ ಒಂದು ಸಾಲು ಹಿಂದಕ್ಕೆ ಹೋಗು" ಅಂದಳು.
ದೀಪವನ್ನು ನನ್ನ ಕಡೆ ತಿರುಗಿಸಿದಳು.