ಕಿವಿ ಕೊಟ್ಟವರು

ಟ್ರಾಲಿಬಸ್ಸು ತಿರುವಿನಲ್ಲಿ ಕಿರುಗುಟ್ಟಿದರೆ
ವಾಝಾ ತಲೆಯೆತ್ತದೆ ಹೇಳುತ್ತಿದ್ದ: ಸೋಲ್.
ಕೆಟಲ್ಲು? ಮಿ. ಕುದಿ ಬಂದರೆ ಫಾ.
ಪಕ್ಕದ ಮನೆಯ ಲಾಮಾರಾ ಗಂಡ ಸತ್ತು ಅಳುವಾಗ
'ಅಳು ರೇ, ಬಿಕ್ಕು ಮಾತ್ರ ಅಪಸ್ವರ' ಎಂದು
ಅಮ್ಮನ ಕೈಯಲ್ಲಿ ಏಟು ತಿಂದ.
ಅವನಿಗೆ ಆರು, ನನಗೆ ಒಂಬತ್ತು.

ಕುತೈಸಿಯ ಸಂಗೀತ ಶಾಲೆಯವರು ಮನೆಗೇ ಬಂದರು,
ಮೂರು ಮಹಡಿ ಹತ್ತಿ, ಕೇಕು ಹಿಡಿದು.
ಬಂದದ್ದಕ್ಕೆ ನನ್ನನ್ನೂ ನಿಲ್ಲಿಸಿ, ಬೆನ್ನು ತಿರುಗಿಸಿ,
ಪಿಯಾನೊದ ಒಂದು ಕೀ ಒತ್ತಿ ಕೇಳಿದರು, ಯಾವುದು?
ಬಿಳಿಯದು, ಎಂದೆ.
ನಕ್ಕರು. ಕೇಕಿನ ದೊಡ್ಡ ತುಂಡು ನನಗೇ ಕೊಟ್ಟರು.
ಆ ರುಚಿ ನಾಲಿಗೆಯಿಂದ ಇನ್ನೂ ಹೋಗಿಲ್ಲ.

ಅವನಿಗೆ ದೇವರು ಕಿವಿ ಕೊಟ್ಟ.
ನಾನು ಕಿವಿ ಕೊಟ್ಟೆ.
ಕೊಡಲಿಕ್ಕೆ ನನ್ನಲ್ಲಿ ಬೇರೇನಿತ್ತು?

ರಿಯೋನಿ ನದಿಯ ದಂಡೆಗೆ ನೊದಾರ್ ಮಾಸ್ತರರ ಕೊಟ್ಟಿಗೆ:
ತಂತಿ, ಫೆಲ್ಟು, ಮರದಂಟಿನ ವಾಸನೆ,
ಹಲ್ಲು ಕಿತ್ತ ಹತ್ತು ಹನ್ನೆರಡು ಪಿಯಾನೊ.
'ಸ್ವರದ ಹೆಸರಿನ ಚಿಂತೆ ಬಿಡು,
ಅದು ಶ್ರುತಿಕವೆಗೆ ಗೊತ್ತು.
ಒಂದು ಸ್ವರಕ್ಕೆ ಮೂರು ತಂತಿ. ಒಂದರ ಬಾಯಿಗೆ ಫೆಲ್ಟು ತುರುಕಿ
ಉಳಿದೆರಡನ್ನು ಮಾತಿಗೆ ಬಿಡು.
ಮನಸ್ತಾಪವಿದ್ದರೆ ಅಲೆ ಏಳುತ್ತದೆ, ವಾಂ, ವಾಂ, ವಾಂ.
ಎಣಿಸು.'

ಮೊದಲ ಚಳಿಗಾಲವಿಡೀ ಅಲೆಯೇ ಕೇಳಲಿಲ್ಲ.
ಕೇಳಿತೆಂದು ಸುಳ್ಳು ಹೇಳಿದೆ. ಮಾಸ್ತರರು ತಲೆಯಾಡಿಸಿದರು.
ಎರಡನೆಯದರ ಕೊನೆಗೆ, ಮಾರ್ಚಿಯ ಒಂದು ಮಧ್ಯಾಹ್ನ,
ಮೂಗು ಸೋರುತ್ತ, ತೋಳಿನಲ್ಲಿ ಒರೆಸಿಕೊಳ್ಳುತ್ತ ಕೂತಿದ್ದಾಗ,
ಎದುರು ದಂಡೆಯಲ್ಲಿ ಯಾರೋ ರಗ್ಗು ಬಡಿಯುತ್ತಿದ್ದಾರೆ ಅಂದುಕೊಂಡೆ.
ಯಾರೂ ಇರಲಿಲ್ಲ.
ಸನ್ನೆ ತಿರುಗಿಸಿದೆ, ಉಗುರಿನಷ್ಟು.
ಬಡಿತ ನಿಧಾನವಾಯಿತು. ಮತ್ತೂ ನಿಧಾನ.
ಆಮೇಲೆ ನದಿ ಮಾತ್ರ.

ಪಂಚಮಗಳನ್ನು ಕೂದಲೆಳೆಯಷ್ಟು ಕಡಿಮೆ ಬಿಡಬೇಕೆಂದು
ಮುಂದಿನ ವರ್ಷ ಕಲಿತೆ. ಎಲ್ಲವನ್ನೂ ಶುದ್ಧ ಮಾಡುತ್ತ ಹೋದರೆ
ಸುತ್ತಿ ಬರುವಷ್ಟರಲ್ಲಿ ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ.

ಕರೆಂಟಿಲ್ಲದ ವರ್ಷಗಳಲ್ಲಿ ಜನ ಪಿಯಾನೊ ಒಡೆದು ಒಲೆಗೆ ಹಾಕಿದರು.
ಬೆಂಕಿಯಲ್ಲಿ ಮರ ಸಿಡಿಯುವುದಕ್ಕೂ ಒಂದು ಸ್ವರವಿರಬೇಕು;
ಹೇಳಬಲ್ಲವನು ವಾರ್ಸಾದಲ್ಲಿ ಕೈಕುಲುಕುತ್ತಿದ್ದ.
ಉಳಿದ ಪಿಯಾನೊಗಳಿಗೆ ನಾನು ನಡೆದು ಹೋದೆ.
ಜೋಳದ ಹಿಟ್ಟು ಕೊಟ್ಟರು, ಗಿಣ್ಣು ಕೊಟ್ಟರು,
ಒಮ್ಮೆ ಒಂದು ಜೀವಂತ ಕೋಳಿ. ಚೀಲದಲ್ಲಿ ಅದು ಕೊಕ್ಕೆನ್ನುವಾಗಲೂ
ನಾನು ಎಣಿಸುತ್ತಿದ್ದೆ.

ಕಳೆದ ಅಕ್ಟೋಬರಿನಲ್ಲಿ ವಾಝಾ ಬಂದ. ಐವತ್ತನಾಲ್ಕು.
ಅಂದು ಬೆಳಿಗ್ಗೆಯಷ್ಟೇ ನಾನು ಶ್ರುತಿ ಮಾಡಿದ್ದ ಪಿಯಾನೊಗೆ ಕೂತು
ನಾಲ್ಕು ಪಟ್ಟು ನುಡಿಸಿ ನಿಲ್ಲಿಸಿದ.
'ಅಕ್ಕ, ಅರ್ಧ ಸ್ವರ ಏರಿಸಿಟ್ಟಿದ್ದೀಯ.'
ಶ್ರುತಿಕವೆ ಬಡಿದು ತೋರಿಸಿದೆ.
'ಇದೂ ಏರಿದೆ' ಎಂದ. ಮೆಲ್ಲಗೆ.

ವಯಸ್ಸಾದಂತೆ ಕೆಲವರಿಗೆ ಹೀಗಾಗುತ್ತದಂತೆ,
ವೈದ್ಯರು ಹೇಳಿದ್ದಾರೆ, ಔಷಧವಿಲ್ಲ.
ಗೊತ್ತಿದ್ದ ರಾಗಗಳೆಲ್ಲ ಈಗ
ಯಾರದೋ ಕೋಟು ತೊಟ್ಟು ಬರುತ್ತವೆ.
ಕೆಟಲ್ಲು ಕೂಗಿದರೆ 'ಫಾ' ಎಂದು
ನನ್ನ ಮುಖ ನೋಡುತ್ತಾನೆ.
ನನ್ನ ಮುಖ!

ಸಂತೋಷವಾಯಿತೆ?
ಆಯಿತು. ಕೇಕಿನ ತುಂಡಿನಷ್ಟು.

ಅವನ ಕೈಗೆ ಸನ್ನೆ ಕೊಟ್ಟೆ, ತಂತಿಗೆ ಫೆಲ್ಟು ತುರುಕಿದೆ, ಎಣಿಸು ಎಂದೆ.
ಮೂರು ದಿನ ಕೂತ. ಹೆಸರುಗಳೇ ಮುನ್ನುಗ್ಗಿ
ಅಲೆಗೆ ದಾರಿ ಬಿಡಲೊಲ್ಲವು.
ನಾಲ್ಕನೆಯ ದಿನ, ಕೇಳಿತು, ಎಂದ.
ನಾನು ತಲೆಯಾಡಿಸಿದೆ.

ಅವನಿಗೂ ಹೇಳದ್ದು ಒಂದಿದೆ.
ದಿನಾ ಬೆಳಿಗ್ಗೆ, ಯಾರೂ ಏಳುವ ಮುಂಚೆ,
ತುಟಿ ಬಿಗಿದು ಒಂದು ಲಾ ಗುನುಗುತ್ತೇನೆ, ಊಹೆಯ ಮೇಲೆ.
ಆಮೇಲೆ ಕವೆಯನ್ನು ಮೊಣಕಾಲಿಗೆ ಬಡಿದು ಹಲ್ಲಿಗೆ ಹಿಡಿಯುತ್ತೇನೆ.
ನಲವತ್ತು ವರ್ಷದಿಂದ ತಪ್ಪು.
ಎಷ್ಟು ತಪ್ಪು ಎಂಬುದನ್ನು ಮಾತ್ರ ಎಣಿಸಬಲ್ಲೆ.
ನಿನ್ನೆ ಸೆಕೆಂಡಿಗೆ ಆರು ಅಲೆ.
ಇವತ್ತು ನಾಲ್ಕು.