ಬೋರಲು ಕಲ್ಲು

ಅವರು ಮೊದಲ ಸಲ ನಮ್ಮ ಕಟ್ಟೆಗೆ ಬಂದಾಗ
ಅಪ್ಪನ ಕೈಲಿ ಪೋಸ್ಟ್ ಮಾಸ್ತರರ ಪಂಚೆ,
ಎತ್ತಿದ್ದು ಎತ್ತಿದಂತೆಯೇ ನಿಂತಿತು.
"ಅದು ಒಗೆಯೋ ಕಲ್ಲಲ್ಲ ಕಣಯ್ಯ, ವೀರಗಲ್ಲು!
ಎಂಟುನೂರು ವರ್ಷದ ಬೆನ್ನಿಗೆ ಬಡೀತಿದೀಯ!"
ಲೂನಾಗೆ ಸ್ಟ್ಯಾಂಡು ಹಾಕುವುದನ್ನೂ ಮರೆತು ಕೂಗಿದವರು
ಪಾಂಡವಪುರ ಹೈಸ್ಕೂಲಿನ ತಿಬ್ಬಯ್ಯ ಮೇಷ್ಟ್ರು.
ಲೂನಾ ಮೆಲ್ಲಗೆ ನಾಲೆಯ ಕಡೆ ವಾಲಿತು.
ಅಪ್ಪ ಅದನ್ನು ಹಿಡಿದುಕೊಂಡ. ಪಂಚೆ ನೀರುಪಾಲು.

ಆರು ಜನ, ಎರಡು ಹಾರೆ, ಒಂದು ಹಗ್ಗ.
ಮಗುಚಿದರೆ ಅಡಿಯಲ್ಲಿ ಕೆಸರು, ಏಡಿ, ಆಮೇಲೆ
ಕಾದುವವನು, ಅವನನ್ನೇ ಎತ್ತಿಕೊಂಡು ಹೋಗುವ ಹೆಂಗಸರು,
ಎಲ್ಲಕ್ಕೂ ಮೇಲೆ, ಲಿಂಗದ ಮುಂದೆ, ಕೈಮುಗಿದು ಕೂತ ಅವನೇ.
ನನಗಾಗ ಒಂಬತ್ತು. ನೀರಿನ ಬಿಂದಿಗೆ ನನ್ನದು.
ಅವರು ಕಾಗದ ನೆನೆಸಿ ಕಲ್ಲಿಗೆ ಹೊದಿಸಿ
ಬ್ರಷ್ಷಿನಲ್ಲಿ ಬಡಿದರು, ಬಡಿದರು.
ನಮ್ಮ ಕಸುಬೇ ಇದು ಅಂದುಕೊಂಡೆ, ಸದ್ದು ಕಡಿಮೆ ಅಷ್ಟೆ.

ಮಸಿಯುಂಡೆ ಒತ್ತಿದಂತೆ ಕಪ್ಪಿನೊಳಗಿಂದ ಬೆಳ್ಳಗೆ ಎದ್ದವು:
ತುಱುವಂ ಮಗುಳ್ಚಿ... ಮಾರಂ ಸತ್ತು...
ಮಾರನ ಹಿಂದಿನ ಅಕ್ಷರಗಳಿಗೆ ಸುಣ್ಣ ಕಚ್ಚಿತ್ತು.
ನಾನು ಬೆರಳಲ್ಲಿ ಎಣಿಸಿದೆ, ನಾಲ್ಕರ ಜಾಗ. ಹೇಳಲಿಲ್ಲ.
ಮೇಷ್ಟ್ರು ಪೆನ್ಸಿಲಿನಲ್ಲಿ ಕಂಸ ಹಾಕಿ ತುಂಬಿದರು:
ಗವುಂಡ.
ಊರ ಗೌಡರಿಗೆ ಅಷ್ಟು ಸಾಕಾಯಿತು.
ಟ್ರ್ಯಾಕ್ಟರು ಬಂತು. ಅವರ ಅಂಗಳದಲ್ಲಿ ಶೀಟಿನ ನೆರಳು,
ಮಾರನ ಮೀಸೆಗೆ ಎನಾಮೆಲ್ ಕಪ್ಪು, ಸೋಮವಾರ ಕಾಯಿ.
ಅಪ್ಪನಿಗೆ ಬೇರೆ ಕಲ್ಲು ಕೊಡಿಸಿದ್ದು
ಮೇಷ್ಟ್ರೇ, ಸಂಬಳದಲ್ಲಿ.

ಮೂವತ್ತೊಂದು ವರ್ಷದ ಸರ್ವೀಸು, ರಜೆಯೆಲ್ಲ ಕಲ್ಲಿನದು.
ಬಿಂದಿಗೆ ಹೋಗಿ ಕ್ಯಾನು ಬಂದರೂ ನೀರು ನನ್ನದೇ.
ಇಲಾಖೆಗೆ ಬರೆದ ಕಾಗದ ನಾನೂರಕ್ಕೂ ಮೇಲೆ;
ಬಂದ ಉತ್ತರಗಳಲ್ಲಿ 'ಪರಿಶೀಲನೆಯಲ್ಲಿದೆ' ಎಂಬುದು
ಶಾಸನಕ್ಕೆ ಸ್ವಸ್ತಿಶ್ರೀ ಇದ್ದಹಾಗೆ.
ಬಸ್ ಸ್ಟ್ಯಾಂಡಿಗೆಂದು ಕಲ್ಯಾಣಿ ಮುಚ್ಚಲು ಬಂದ ದಿನ
ಜೆಸಿಬಿಯ ಹಲ್ಲಿನ ಮುಂದೆ ಕೊಡೆ ಬಿಚ್ಚಿ ಕೂತರು.
ಡ್ರೈವರು ಅವರ ಹಳೇ ವಿದ್ಯಾರ್ಥಿ, ಇಂಜಿನ್ ಆರಿಸಿ ಅತ್ತ.
ಮಾರನೆಯ ದಿನ ಬೇರೆ ಡ್ರೈವರು.
ರಾತ್ರಿಯೇ ಟಾರ್ಚು ಹಿಡಿದು ಮೆಟ್ಟಿಲು ಅಳೆದಿದ್ದೆವು, ನಲವತ್ತೆರಡು.
"ಉಳಿಸೋಕಾಗದ್ದಕ್ಕೆ ಅಳತೆಯಾದ್ರೂ ಇರ್ಲಿ."

ಉಳಿದದ್ದೂ ಒಂದುಂಟು, ಸುಂಕದ ಮಂಟಪ.
ಗಾರೆಗೆ ಆಲೆಮನೆಯವರು ಬಿಟ್ಟಿ ಬೆಲ್ಲ ಕೊಟ್ಟರು,
ತಿಂಗಳುಗಟ್ಟಲೆ ಇರುವೆಗಳು ಗೋಡೆ ಬಿಡಲಿಲ್ಲ.
ಈಗ ಅಲ್ಲಿ ಗೊಬ್ಬರದ ಮೂಟೆ. ಬೀಳುವುದಕ್ಕಿಂತ ವಾಸಿ.

ನಿವೃತ್ತಿಯಾದ ವರ್ಷ ಗೌಡರ ಮನೆ ಮದುವೆಗೆ
ಹೊಸ ಬಣ್ಣ ಬಳಿಯಲು ಹಳೆಯದನ್ನು ಕೆರೆದರು.
ಸುಣ್ಣವೂ ಉದುರಿತು.
ಉಂಡೆದ್ದ ಮೇಷ್ಟ್ರು ಕೈ ತೊಳೆಯದೆ
ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು.
ಇಳಿಬಿಸಿಲು ಅಡ್ಡ ಬೀಳುವ ಹೊತ್ತು,
ಕಲ್ಲು ಬಾಯಿ ಬಿಡುವುದು ಆಗಲೇ.
ಮ.
ಡಿ.
ವ. ಳ.

"ಇಪ್ಪತ್ತೆರಡು ವರ್ಸ ಪೂಜೆ ಮಾಡಿವ್ನಿ ಮೇಷ್ಟ್ರೇ,
ಈಗ ಅಗಸನ ಕಲ್ಲು ಅಂತೀರಲ್ಲ?"
ಗೇಟಿಗೆ ಬೀಗ ಬಿತ್ತು. ಹಾಗೆಂದು ಅವರು ಸುಮ್ಮನಾಗಲಿಲ್ಲ;
ಮಂಡ್ಯದ ಪತ್ರಿಕೆಯ ಮೂಲೆಯಲ್ಲಿ, ಸಕ್ಕರೆ ರೇಟಿನ ಕೆಳಗೆ,
ಎರಡು ಸಾಲು ಹಾಕಿಸಿದರು:
ನನ್ನ ಓದು ತಪ್ಪು. ಕಂಸದೊಳಗಿದ್ದದ್ದು ನನ್ನದು,
ಕಲ್ಲಿನದಲ್ಲ.

ಆ ಸಂಜೆ ಕಟ್ಟೆಗೆ ಬಂದರು. ಲೂನಾಗೆ ಸ್ಟ್ಯಾಂಡು ಹಾಕಿದರು.
"ಅವತ್ತು ನಿನ್ನ ಗದರಿಬಿಟ್ಟೆ. ನಿಮ್ಮೋರು
ಬೋರಲು ಹಾಕ್ಕೊಂಡು ಬಡಿದದ್ದಕ್ಕೇ ಅಕ್ಷರ ಉಳೀತು.
ಅವನು ನಿಮ್ಮ ಮಾರ."
ಅಪ್ಪ ಬಹಳ ಹೊತ್ತು ಸೋಪು ಹುಡುಕಿದ,
ಅದು ಕೈಯಲ್ಲೇ ಇತ್ತು.
"ಇರ್ಲಿ ಬುಡಿ ಬುದ್ದಿ, ನೆಳ್ಳಲ್ಲವ್ನೆ."

ಅಷ್ಟೇ ಅಂದದ್ದು.
ಆದರೂ ಅಂದಿನಿಂದ ದಿನಾ ಬೆಳಗ್ಗೆ
ಮೊದಲ ಬಟ್ಟೆ ಎತ್ತುವ ಮುಂಚೆ
ಆ ಹೊಸ ಕಲ್ಲಿನ ಅಡಿಗೆ ಕೈ ತೂರಿಸಿ
ಒಮ್ಮೆ ತಡವಿ ನೋಡುತ್ತಾನೆ.